ಡಬ್ಬದ ಜೊತೆ ಬಂದ ಫ್ಯಾನು

ನಮ್ಮೂರಿನಲ್ಲಿ ಬಿಸಿ ಒಂದು ವಸ್ತುವಿನಲ್ಲಿ ಇರುವಷ್ಟು ಹೊತ್ತು ನಮ್ಮದು, ಗಾಳಿಗೆ ಬಿಟ್ಟಮೇಲೆ ಇನ್ನೊಬ್ಬರದು. ಮದುವೆಯಾಗಿ ಇಲ್ಲಿಗೆ ಬಂದ ಹೊಸತರಲ್ಲಿ ಅತ್ತೆ ನನ್ನನ್ನು ಹೂವಿನ ಓಣಿಯ ಒಂದು ಮನೆಗೆ ಕರೆದುಕೊಂಡು ಹೋದರು. ನಡುಮನೆಯ ಪಡುವಣ ಗೋಡೆಯ ಮೇಲೆ ನನ್ನ ಅಂಗೈ ಇಡಿಸಿ, "ಇದು ನಿನ್ನ ಒಲೆ, ನೋಡ್ಕೋ" ಎಂದರು. ಗೋಡೆ ಬೆಚ್ಚಗಿತ್ತು. ಬೆಳಿಗ್ಗೆ ನಾನು ಬೇಯಿಸಿದ ರೊಟ್ಟಿಯ ಕಾವು, ಸ್ನಾನದ ಹಂಡೆಯ ಕಾವು, ಮಾವನವರ ಇಸ್ತ್ರಿಪೆಟ್ಟಿಗೆಯ ಕಾವು ಎಲ್ಲವೂ ನಮ್ಮ ಮನೆಯಲ್ಲಿ ನಿಲ್ಲದೆ ಬೀದಿಗಳನ್ನು ದಾಟಿ ಅಲ್ಲಿ ಬಂದು ಕೂತಿದ್ದವು. ತವರಿನ ಅಡುಗೆಮನೆಯ ಸೆಖೆಯಲ್ಲಿ ಬೆಂದು ಬೆಳೆದ ನನಗೆ ಇಲ್ಲಿನ ಅಡುಗೆಮನೆ ಯಾಕೆ ಅಷ್ಟು ತಂಪು ಎಂಬುದು ಆಗ ತಿಳಿಯಿತು.

ಊರಿನ ಪ್ರತಿ ಮನೆಗೂ ಅಂಥ ಒಂದು ಗೋಡೆಯಿದೆ. ಯಾರ ಮನೆಯ ಕಾವು ಯಾರ ಮನೆಗೆ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತು, ಅದು ಬದಲಾಗುವುದಿಲ್ಲ. ಜನ ಒಗ್ಗಿಕೊಂಡಿದ್ದಾರೆ. ಗೋಡೆಯ ಪಕ್ಕ ದೋಸೆ ಹಿಟ್ಟು ಹುದುಗಲು ಇಡುತ್ತಾರೆ, ಕೂಸಿನ ಬಟ್ಟೆ ಒಣಗಿಸುತ್ತಾರೆ, ಚಳಿಗಾಲದಲ್ಲಿ ಮುದುಕರು ಬೆನ್ನು ಕೊಟ್ಟು ಕೂರುತ್ತಾರೆ. ಮಾಗಿಯಲ್ಲಿ ಎದುರು ಸಿಕ್ಕರೆ, "ಏನ್ರೀ, ಈ ವಾರ ಬೋಂಡಾ ಗೀಂಡಾ ಏನೂ ಕರೀಲಿಲ್ವಾ?" ಎಂದು ಕೀಟಲೆ ಮಾಡುವುದೂ ಉಂಟು. ಬೇಸಗೆಯಲ್ಲಿ ಮಾತ್ರ ಯಾರೂ ಏನೂ ಹೇಳುವುದಿಲ್ಲ. ಅದು ಇಲ್ಲಿನ ಕಟ್ಟಳೆ. ಕಾವು ಬರುವ ಮನೆಯವರು ಬಾಯಿ ಬಿಡಬಾರದು. ಕಳಿಸುವ ಮನೆಯವರೇ ದಿನಕ್ಕೊಮ್ಮೆ ಹೋಗಿ ಗೋಡೆ ಮುಟ್ಟಿ ತಿಳಿದುಕೊಳ್ಳಬೇಕು. ಗೋಡೆ ಸುಡುತ್ತಿದ್ದರೆ ಅವತ್ತು ಮಧ್ಯಾಹ್ನ ಮೊಸರವಲಕ್ಕಿ, ಕೋಸಂಬರಿ. ಆ ಮನೆಯಲ್ಲಿ ಯಾರಿಗಾದರೂ ಜ್ವರ ಬಂದಿದ್ದರೆ ಒಲೆಯನ್ನೇ ಹೊತ್ತಿಸುವುದಿಲ್ಲ. ನಮ್ಮ ಗೋಡೆಗೆ ಬರುವುದು ನಿವೃತ್ತ ಪೋಸ್ಟ್‌ಮಾಸ್ಟರ್ ಒಬ್ಬರ ಮನೆಯ ಕಾವು. ಹೆಂಡತಿ ತೀರಿಕೊಂಡ ಮೇಲೆ ಅವರೇ ಬರುತ್ತಾರೆ. ಗೋಡೆಯ ಮೇಲೆ ಕೈಯಿಟ್ಟು, "ಇವತ್ತು ಎರಡು ಸಲ ಕಾಫಿ ಕಾಯಿಸಿಬಿಟ್ಟೆ ಕಣಮ್ಮ" ಎಂದು ತಪ್ಪು ಮಾಡಿದವರಂತೆ ನಿಲ್ಲುತ್ತಾರೆ. ನಾನು ಏನಿಲ್ಲ ಸಾರ್ ಎನ್ನುತ್ತೇನೆ. ಏನಿಲ್ಲ ಎನ್ನುವುದು ಎಷ್ಟು ಸುಲಭ, ಎಷ್ಟು ಸಲ ಅದು ಸುಳ್ಳು ಎಂಬುದು ಹೀಗೆ ಕಾವು ಬರುವ ಮನೆಯವಳಾಗಿಯೂ ನನಗೆ ಗೊತ್ತು. ಹಾಗಾಗಿ, ತಿಳಿಯಲಿಲ್ಲ ಎಂದು ಹೇಳಿಕೊಳ್ಳುವ ದಾರಿ ನನಗಿಲ್ಲ.

ನಮ್ಮ ಕಾವು ಹೋಗುವುದು ಚೆಲುವಮ್ಮನ ಮನೆಗೆ. ಹೂವು ಕಟ್ಟಿ ಮಾರುವವಳು, ನನಗಿಂತ ಸ್ವಲ್ಪ ಚಿಕ್ಕವಳು. ಗಂಡ ಇಲ್ಲ, ಮಕ್ಕಳಿಲ್ಲ; ಅವಳು ಮತ್ತು ಅವಳ ಬುಟ್ಟಿಗಳು. ಒಂದು ನಡುಮನೆ, ಒಂದು ಅಡುಗೆಮನೆ, ಮುಂದೆ ಕಿರಿದಾದ ಜಗಲಿ. ಬೆಳಿಗ್ಗೆ ಬರುವ ಮಲ್ಲಿಗೆ ಮೊಗ್ಗಿಗೆ ಒದ್ದೆ ಬಟ್ಟೆ ಮುಚ್ಚಿ, ಬೆಚ್ಚನೆ ಗೋಡೆಯಿಂದ ದೂರ, ಮೂಡಣ ಮೂಲೆಯಲ್ಲಿ ಇಟ್ಟುಕೊಳ್ಳುತ್ತಿದ್ದಳು. ಮಧ್ಯಾಹ್ನದ ತನಕ ಬಾಳೆನಾರಿನಲ್ಲಿ ಕಟ್ಟುವುದು, ಸಂಜೆ ಪೇಟೆಯಲ್ಲಿ ಮೊಳದ ಲೆಕ್ಕದಲ್ಲಿ ಮಾರುವುದು. ಕೊಳ್ಳುವವರಿಗೆ ಮೊಗ್ಗೇ ಆಗಬೇಕು. ಮುಡಿದ ಮೇಲೆ ತಲೆಯಲ್ಲಿ ಅರಳಬೇಕು. ಬುಟ್ಟಿಯಲ್ಲೇ ಅರಳಿದ್ದನ್ನು ಯಾರೂ ಕೇಳುವುದಿಲ್ಲ. ಅದಕ್ಕೇ ನಾನು ಬೆಳಗಿನ ಅಡುಗೆಯನ್ನು ಬೇಗ ಮುಗಿಸುತ್ತಿದ್ದೆ. ಚಕ್ಕುಲಿ, ನಿಪ್ಪಟ್ಟು ಕರಿಯುವುದಿದ್ದರೆ ಅವಳು ಪೇಟೆಗೆ ಹೋದ ಮೇಲೆ ಬಾಣಲೆ ಇಡುತ್ತಿದ್ದೆ. ಅವಳು ಇದನ್ನು ಗಮನಿಸಿದ್ದಳು. ಹೇಳುತ್ತಿರಲಿಲ್ಲ, ಆದರೆ ಪೇಟೆಗೆ ಹೋಗುವಾಗ ನಮ್ಮ ಗೇಟಿನಲ್ಲಿ ನಿಂತು ನನ್ನ ಮಗಳಿಗೆಂದು ಒಂದು ಮೊಳ ಕೊಟ್ಟು ಹೋಗುತ್ತಿದ್ದಳು.

ಇಂಪನಾ ನನ್ನ ಒಬ್ಬಳೇ ಮಗಳು. ಕಾಲೇಜಿನ ಪರೀಕ್ಷೆಯಲ್ಲಿ ಫೇಲಾದ ಮೇಲೆ ಮತ್ತೆ ಆ ಕಡೆ ಹೋಗಲಿಲ್ಲ. ಅವಳ ಅಪ್ಪ ದೂರದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದಾರೆ, ಭಾನುವಾರ ಬರುತ್ತಾರೆ. ಬಂದಾಗ ಅವರು ಬೈಯಲಿಲ್ಲ. ಅವಳ ಮುಂದೆ ಆ ಮಾತನ್ನೇ ಎತ್ತಲಿಲ್ಲ. ಅದು ಅವಳಿಗೆ ಇನ್ನೂ ಭಾರವಾಯಿತು. ನೆಂಟರು ಬಂದರೆ ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದಳು. ಊಟಕ್ಕೆ ಕರೆದರೆ ಬಂದು, ತಟ್ಟೆಯಲ್ಲಿ ಗೆರೆ ಎಳೆಯುತ್ತಾ ಕೂತು, ಎದ್ದು ಹೋಗುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಅವರೆಕಾಳು ಸುಲಿಯುತ್ತಾ ಏನೇನೋ ಹೇಳುತ್ತಿದ್ದೆ. ತಾಯಿಗೆ ತಿಳಿಯುವುದು ಅಷ್ಟೇ. ಒಂದು ದಿನ ಅವಳಾಗಿಯೇ ಫೋನಿನಲ್ಲಿ ವಿಡಿಯೊ ಕತ್ತರಿಸಿ ಜೋಡಿಸುವುದನ್ನು ಕಲಿತುಕೊಂಡಳು. ಸ್ಟುಡಿಯೊದ ದಯಾನಂದ ಅವಳಿಗೆ ಒಂದು ನಾಮಕರಣದ ವಿಡಿಯೊ ಕೊಟ್ಟು ನೋಡಿದರು, ಮೆಚ್ಚಿದರು, ಮದುವೆಯದೇ ಕೊಡುತ್ತೇನೆ, ಆದರೆ ಮನೆಯಲ್ಲಿ ಕಂಪ್ಯೂಟರ್ ಇರಬೇಕು ಎಂದರು. ಆ ಸಂಜೆ ಅವಳು ಎರಡನೆಯ ಸಲ ಅನ್ನ ಹಾಕಿಸಿಕೊಂಡಳು. ನಾನು ಅಡುಗೆಮನೆಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡು ಬಂದೆ.

ಕಂಪ್ಯೂಟರನ್ನು ಜೋಡಿಸಿದವನು ಪೇಟೆಯ ಕಲೀಂ. ನಮ್ಮ ಮುಂದಿನ ಕೋಣೆಯಲ್ಲೇ ಚಾಪೆಯ ಮೇಲೆ ಎಲ್ಲ ಹರಡಿಕೊಂಡು ಕೂತಿದ್ದ. ಲೆಕ್ಕ ಹಾಕುವ ಮುಖ್ಯವಾದ ಚಿಪ್ಪು ಬಂದ ಡಬ್ಬದಲ್ಲೇ ಅದನ್ನು ತಂಪಾಗಿಡುವ ಒಂದು ಪುಟ್ಟ ಫ್ಯಾನೂ ಇತ್ತು. ಅಂಗೈಯಗಲದ ಅಲ್ಯೂಮಿನಿಯಂ ತುಂಡು, ಅದರ ತಲೆಯ ಮೇಲೆ ತಿರುಗುವ ರೆಕ್ಕೆ. ವಿಡಿಯೊ ಕೆಲಸಕ್ಕೆ ಇದು ಸಾಲದು, ಬೇರೆ ದೊಡ್ಡದು ಕೊಳ್ಳಬೇಕು ಎಂದು ಇಂಪನಾ ಎಲ್ಲೋ ಓದಿದ್ದಳು. ಸಾಕೋ ಸಾಲದೋ ಎಂದು ಕಲೀಂನನ್ನು ಕೇಳಿದಳು. ಕಲೀಂ ಅವಳಿಗೆ ಉತ್ತರ ಕೊಡುವ ಮೊದಲು ನನ್ನ ಕಡೆ ತಿರುಗಿ ನಮ್ಮ ಕಾವು ಯಾರ ಮನೆಗೆ ಹೋಗುತ್ತದೆ ಎಂದು ಕೇಳಿದ. ಇಲ್ಲಿ ಇಸ್ತ್ರಿಪೆಟ್ಟಿಗೆ ಮಾರುವವನೂ ಹಾಗೆ ಕೇಳಿಯೇ ಮಾರುವುದು. ಚೆಲುವಮ್ಮನ ಮನೆಗೆ ಎಂದೆ. ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ.

"ನೋಡಮ್ಮ, ಪತ್ರ ಬರೆಯೋಕೆ, ಲೆಕ್ಕ ಮಾಡೋಕೆ, ಸಿನಿಮಾ ನೋಡೋಕೆ ಈ ಫ್ಯಾನು ಧಾರಾಳವಾಗಿ ಸಾಕು. ನಿನ್ನ ಥರ ಗಂಟೆಗಟ್ಲೆ ದುಡಿಸಿದ್ರೆ ಇದಕ್ಕೆ ಏದುಸಿರು ಬರುತ್ತೆ. ಆದ್ರೂ ಸುಟ್ಟೇನೂ ಹೋಗಲ್ಲ. ಬಿಸಿ ಜಾಸ್ತಿ ಆಯ್ತು ಅಂದ್ರೆ ಚಿಪ್ಪು ತಾನೇ ನಿಧಾನ ಮಾಡ್ಕೊಳುತ್ತೆ."

ನಿಧಾನವಾದರೆ ಹೇಗೆ, ದೊಡ್ಡದನ್ನೇ ಹಾಕಿಬಿಡಿ ಎಂದಳು ಇಂಪನಾ.

"ದೊಡ್ಡದು ಹಾಕಿದ್ರೆ ಓಡುತ್ತೆ. ನಿಲ್ಲದೆ ಓಡುತ್ತೆ. ಆ ಬಿಸಿ ಎಲ್ಲಾ ಎಲ್ಲಿಗೆ ಹೋಗುತ್ತೆ, ಹೇಳು?" ಎಂದು ಕಲೀಂ ನನ್ನ ಮುಖ ನೋಡಿದ. "ಹೂವಿನೋರ ಮನೆ ಅಂತಿದೀರಿ ಅಕ್ಕ. ಇದೇ ಇರ್ಲಿ."

ಇದೇ ಇರಲಿ ಎಂದು ನಾನೂ ಹೇಳಿದೆ. ಆಗ ಹಾಗೆ ಹೇಳುವುದು ಕಷ್ಟವಾಗಲಿಲ್ಲ.

ಮದುವೆಯ ಕೆಲಸ ಬಂದ ಮೇಲೆ ಕಷ್ಟವಾಯಿತು. ಪುಟ್ಟ ಫ್ಯಾನು ಬೆಳಿಗ್ಗೆಯಿಂದಲೇ ಗಿರಣಿಯಂತೆ ಕೂಗುತ್ತಿತ್ತು. ಪೆಟ್ಟಿಗೆಯ ಮೇಲೆ ಕೈಯಿಟ್ಟರೆ ಈಗತಾನೇ ಇಳಿಸಿದ ಪಾತ್ರೆಯಂತೆ ಬಿಸಿ. ಇಂಪನಾ ತೆರೆಯ ಮೂಲೆಯಲ್ಲಿದ್ದ ಬಿಸಿಯ ಅಂಕಿ ತೋರಿಸಿ, ತೊಂಬತ್ತು ದಾಟಿದೆ ನೋಡಮ್ಮ, ಇನ್ನು ತೆವಳುವುದಕ್ಕೆ ಶುರು ಮಾಡುತ್ತದೆ ಎನ್ನುತ್ತಿದ್ದಳು. ಹಾಗೇ ಆಗುತ್ತಿತ್ತು. ತಾಳಿ ಕಟ್ಟಲು ಕೈಯೆತ್ತಿದ ವರ ಎತ್ತಿದ ಕೈಯಲ್ಲೇ ನಿಂತುಬಿಡುತ್ತಿದ್ದ. ನಾನು ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿಸಿ ಟೇಬಲ್ ಫ್ಯಾನ್ ತಿರುಗಿಸಿಟ್ಟೆ. ಅಷ್ಟೇನೂ ಉಪಯೋಗವಾಗಲಿಲ್ಲ. ದಯಾನಂದ ದಿನವೂ ಫೋನು ಮಾಡಿ, ಮದುಮಗಳು ಗಂಡನ ಮನೆಗೆ ಹೋಗಿ ಹೊಂದಿಕೊಂಡೂ ಆಯಿತು, ಇನ್ನೂ ನಿನ್ನ ಕೈಯಲ್ಲಿ ಧಾರೆಯೇ ಮುಗಿದಿಲ್ಲವಾ ಎಂದು ಕೇಳುತ್ತಿದ್ದರು. ತಮಾಷೆಗೇ ಹೇಳುತ್ತಿದ್ದರು. ಅವಳು ಮಾತ್ರ ಫೋನಿಟ್ಟು ಗೋಡೆ ನೋಡುತ್ತಾ ಕೂರುತ್ತಿದ್ದಳು. ಒಂದು ಮಧ್ಯಾಹ್ನ ಊಟಕ್ಕೆ ಕರೆದಾಗ ಬಂದು ಕೂತು, ತಟ್ಟೆಯಲ್ಲಿ ಬೆರಳಿನಿಂದ ಗೆರೆ ಎಳೆದಳು.

ಮರುದಿನ ನಾನು ದೊಡ್ಡ ಫ್ಯಾನು ತರಲು ಬಸ್ಸು ಹತ್ತಿ ಪಕ್ಕದ ಊರಿಗೆ ಹೋದೆ. ಆ ಊರಿನಲ್ಲಿ ಬಿಸಿ ಹುಟ್ಟಿದ ಮನೆಯಲ್ಲೇ ಇರುತ್ತದೆ, ಹಾಗಾಗಿ ಅಲ್ಲಿನ ಅಂಗಡಿಯವರು ಕಾವು ಯಾರ ಮನೆಗೆ ಎಂದು ಕೇಳುವುದಿಲ್ಲ. ನಾನು ಅಷ್ಟು ದೂರ ಹೋದದ್ದೂ ಅದಕ್ಕೇ. ಪೆಟ್ಟಿಗೆಯೊಳಗೆ ಇದು ಹಿಡಿಸುತ್ತದೆಯೇ ಎಂದಷ್ಟೇ ಅಂಗಡಿಯವನು ಕೇಳಿದ. ದೊಡ್ಡದೆಂದರೆ ನಿಜವಾಗಿ ದೊಡ್ಡದು, ತಾಮ್ರದ ಕೊಳವೆಗಳು, ಒಂದರ ಪಕ್ಕ ಒಂದು ತಗಡಿನ ಎಲೆಗಳು, ಎರಡು ಫ್ಯಾನು. ತರಕಾರಿ ಚೀಲದಲ್ಲಿ ಅದನ್ನಿಟ್ಟು ಮೇಲೆ ಹಾಗಲಕಾಯಿ ಮುಚ್ಚಿ ತಂದೆ. ನಮ್ಮ ಬೀದಿಯ ವನಜಾಕ್ಷಮ್ಮ ಬಾಗಿಲಲ್ಲಿ ನಿಂತು, ಅಷ್ಟು ದೂರದಿಂದ ಹಾಗಲಕಾಯಿ ತರಬೇಕಾ, ನಮ್ಮೂರಿನದು ಕಹಿ ಸಾಲದಾ ಎಂದು ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಚೀಲದಿಂದ ತೆಗೆದುಕೊಟ್ಟಾಗ ಇಂಪನಾಳಿಗೆ ಸಂತೋಷವಾಯಿತು, ಆದರೆ ಅವಳು ಕೂಡಲೇ ಬಿಚ್ಚಲಿಲ್ಲ.

"ಚೆಲುವಕ್ಕನ್ನ ಕೇಳಿದ್ಯಾ ಅಮ್ಮ?"

"ಕೇಳ್ದೆ. ಪರವಾಗಿಲ್ಲ ಅಂದ್ಳು."

ಅಷ್ಟು ಸಲೀಸಾಗಿ ಅದು ನನ್ನ ಬಾಯಿಂದ ಬಂತು. ಅಷ್ಟರಲ್ಲಿ ಕುಕ್ಕರ್ ಕೂಗಿತು, ಎದ್ದು ಹೋದೆ. ಅವಳ ಮುಖ ನೋಡುವ ಪ್ರಮೇಯ ಬರಲಿಲ್ಲ.

ದೊಡ್ಡ ಫ್ಯಾನು ಕೂತ ದಿನದಿಂದ ಕೋಣೆ ನಿಶ್ಶಬ್ದವಾಯಿತು. ಪೆಟ್ಟಿಗೆಯ ಮೇಲೆ ಕೈಯಿಟ್ಟರೆ ಮಣ್ಣಿನ ಹೂಜಿಯಂತೆ ತಂಪು. ಮದುಮಗ ತಡೆಯದೆ ತಾಳಿ ಕಟ್ಟಿದ. ಇಂಪನಾ ಕೆಲಸ ಮಾಡುತ್ತಾ ಹಾಡು ಗುನುಗುವುದು ಅಡುಗೆಮನೆಗೆ ಕೇಳುತ್ತಿತ್ತು. ಬೇಗ ಮುಗಿಯುತ್ತದಲ್ಲ ಎಂದು ದಯಾನಂದ ಇನ್ನೊಂದು ಮದುವೆ ಕೊಟ್ಟರು, ಅದರ ಹಿಂದೆಯೇ ಮತ್ತೊಂದು. ಒಂದು ಮುಗಿಯುವುದರೊಳಗೆ ಇನ್ನೊಂದನ್ನು ಹಚ್ಚುತ್ತಿದ್ದಳು, ಯಂತ್ರ ಆರುವುದೇ ಇಲ್ಲ. ನಾನು ಗುಡಿಸುವಾಗ, ಒರೆಸುವಾಗ ಆ ಪೆಟ್ಟಿಗೆಯ ಮೇಲೆ ಆಗಾಗ ಕೈಯಿಟ್ಟು ನೋಡುತ್ತಿದ್ದೆ. ತಂಪಾಗಿದೆ, ಅಂದರೆ ಎಲ್ಲ ಸರಿಯಾಗಿದೆ ಎಂದುಕೊಳ್ಳುತ್ತಿದ್ದೆ. ಇಷ್ಟು ವರ್ಷ ಈ ಊರಿನಲ್ಲಿ ಬಾಳಿದವಳು ತನ್ನ ಮನೆಯ ತಂಪನ್ನು ಮುಟ್ಟಿ ಸಮಾಧಾನ ಮಾಡಿಕೊಳ್ಳುವುದೆಂದರೆ ಎಂಥ ಮಾತು.

ಮೊದಲ ದಿನ ಎಂದಿನಂತೆ ಚೆಲುವಮ್ಮನ ಮನೆಗೆ ಹೋಗಿದ್ದೆ. ಗೋಡೆಯ ಮೇಲೆ ಅಂಗೈ ಇಟ್ಟವಳು ಕಾದ ಹೆಂಚು ಮುಟ್ಟಿದಂತೆ ಕಿತ್ತುಕೊಂಡೆ. ಚೆಲುವಮ್ಮ ನೋಡಿದಳು. "ಏನಿಲ್ಲ ಕಣಕ್ಕ, ಬಿಸ್ಲು ಜಾಸ್ತಿ ಈ ಸಲ" ಎಂದಳು. ಅದು ಬಿಸಿಲಲ್ಲ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆ ಹೊತ್ತಿನಲ್ಲಿ ಒಂದು ಮಾತು ಸಾಕಿತ್ತು. ನಾನು ಅವಳ ಬೆಕ್ಕಿನ ವಿಷಯ ಮಾತನಾಡಿ ಬಂದೆ. ಮರುದಿನ ಓಣಿಯ ತನಕ ಹೋಗಿ, ಬೀದಿಯಿಂದಲೇ ಸ್ವಲ್ಪ ಅವಸರ ಚೆಲುವಮ್ಮ, ನಾಳೆ ಬರ್ತೀನಿ ಎಂದು ಕೂಗಿದೆ. ಆಮೇಲೆ ಅದೂ ಇಲ್ಲ. ದೇವಸ್ಥಾನಕ್ಕೆ ಹೋಗುವುದಿದ್ದರೆ ಹೂವಿನ ಓಣಿ ತಪ್ಪಿಸಿ ಎಣ್ಣೆಗಾಣದ ಬೀದಿಯಿಂದ ಸುತ್ತಿ ಹೋಗುತ್ತಿದ್ದೆ. ಇಂಪನಾ ಕೇಳಿದರೆ, ಹೋಗಿದ್ದೆ, ಬೆಚ್ಚಗಿದೆ ಅಷ್ಟೇ ಎನ್ನುತ್ತಿದ್ದೆ. ಅವಳು ಒಮ್ಮೆ ತಾನೂ ಬರುತ್ತೇನೆ, ಈ ಬಿಸಿ ನಿನ್ನ ಒಲೆಯದಲ್ಲ ನನ್ನದು ಎಂದಳು. ನಿನಗೆ ಕೆಲಸವಿದೆ ಎಂದು ತಡೆದೆ.

ಚೆಲುವಮ್ಮ ಸಂಜೆ ಗೇಟಿಗೆ ಬರುವುದನ್ನು ಮಾತ್ರ ಕೆಲವು ದಿನ ನಿಲ್ಲಿಸಲಿಲ್ಲ. ಆದರೆ ಈಗ ಅವಳು ಕೊಡುತ್ತಿದ್ದುದು ಪೂರ್ತಿ ಅರಳಿದ ಹೂವು. "ಅವಸರ ಮಾಡ್ಬಿಟ್ವು ಅಕ್ಕ, ಮುಡಿಯೋಕಾಗಲ್ಲ, ದೇವರಿಗೆ ಹಾಕಿ" ಎಂದು ಬುಟ್ಟಿಯಿಂದ ಬೊಗಸೆ ತುಂಬ ಸುರಿದಳು. ನಾನು ತೆಗೆದುಕೊಂಡೆ. ಮನೆಯೆಲ್ಲ ಘಮ್ಮೆಂದಿತು, ಇಂಪನಾ ಎಷ್ಟು ಚೆನ್ನಾಗಿದೆ ಎಂದಳು. ಆಮೇಲೆ ಚೆಲುವಮ್ಮ ಬರುವುದೂ ನಿಂತಿತು.

ಕಳೆದ ಗುರುವಾರ ಪೇಟೆಗೆ ಹೋದಾಗ ಅವಳನ್ನು ಕಂಡೆ. ಯಾವಾಗಲೂ ಕೂರುವ ಜಾಗದಲ್ಲೇ ಕೂತಿದ್ದಳು. ಮುಂದೆ ಮೊಳ ಹಾಕಿದ ಮಾಲೆಯಿರಲಿಲ್ಲ. ಬಾಳೆಲೆಯ ಮೇಲೆ ಬಿಡಿ ಮಲ್ಲಿಗೆಯನ್ನು ಗುಡ್ಡೆ ಮಾಡಿ ಇಟ್ಟಿದ್ದಳು. ಅಂಚು ಕಂದುಬಣ್ಣಕ್ಕೆ ತಿರುಗಿತ್ತು. ಒಬ್ಬ ಹೆಂಗಸು ಬಗ್ಗಿ ನೋಡಿ, "ಏನವ್ವ, ನಿನ್ನೆ ಹೂವಾ?" ಎಂದಳು.

"ಇವತ್ತಿಂದೇ ಕಣವ್ವ. ಸ್ವಲ್ಪ ಬೇಗ ಎದ್ದವೆ, ಅಷ್ಟೇಯ."

ಹೆಂಗಸು ಮೂಗು ಮುರಿದು ಪಕ್ಕದವಳ ಬಳಿ ಹೋದಳು. ಚೆಲುವಮ್ಮ ಗುಡ್ಡೆಯ ಮೇಲೆ ನೀರು ಚಿಮುಕಿಸಿದಳು. ನಾನು ತೆಂಗಿನಕಾಯಿ ಅಂಗಡಿಯ ಮರೆಯಲ್ಲಿ ನಿಂತು ನೋಡುತ್ತಿದ್ದೆ. ಅವಳು ತಲೆಯೆತ್ತಿದರೆ ನಾನು ಕಾಣುತ್ತಿದ್ದೆ. ಅವಳು ತಲೆಯೆತ್ತಬಾರದು ಎಂದು ಬೇಡಿಕೊಳ್ಳುತ್ತಾ ಅಲ್ಲೇ ನಿಂತಿದ್ದೆ. ಅಂಗಡಿಯವನು ಯಾವ ಕಾಯಿ ಬೇಕಮ್ಮ ಎಂದು ಕೇಳಿದ್ದಕ್ಕೆ ಬೇಡದ ಕಾಯಿಯೊಂದನ್ನು ಕೊಂಡು ಹಿಂದಿನ ದಾರಿಯಿಂದ ಮನೆಗೆ ಬಂದೆ. ಮನೆಯಲ್ಲಿ ಇಂಪನಾ ಬಾಗಿಲಿಗೇ ಬಂದು, ದಯಾನಂದ ಅಂಕಲ್ ಶನಿವಾರದೊಳಗೆ ಎರಡು ಮದುವೆ ಮುಗಿಸಲು ಕೊಟ್ಟಿದ್ದಾರೆ, ಚೆನ್ನಾಗಿ ಆದರೆ ಇನ್ನು ಮುಂದೆ ಸ್ಟುಡಿಯೊದ ಎಲ್ಲ ಕೆಲಸವೂ ನನಗೇ ಎಂದಳು. ಅವಳ ಮುಖದಲ್ಲಿ ಅಂಥ ಬೆಳಕನ್ನು ನಾನು ಬಹಳ ದಿನದಿಂದ ಕಂಡಿರಲಿಲ್ಲ. ಕಾಯಿಯನ್ನು ದೇವರ ಮುಂದಿಟ್ಟೆ.

ಮರುದಿನ ಬೆಳಿಗ್ಗೆ ತಿಂಡಿ ಮುಗಿದ ಮೇಲೆ, "ಇಂಪೂ, ಚಪ್ಪಲಿ ಹಾಕ್ಕೋ" ಎಂದೆ. ಎಲ್ಲಿಗೆ ಎಂದಳು. ಗೋಡೆ ಮುಟ್ಟಲು ಎಂದೆ. ಯಂತ್ರವನ್ನು ನಿಲ್ಲಿಸಲೇ ಎಂದು ಕೇಳಿದಳು. ಬೇಡ, ನಡೆಯುತ್ತಲೇ ಇರಲಿ ಎಂದೆ. ದಾರಿಯಲ್ಲಿ ಎಲ್ಲವನ್ನೂ ಹೇಳಿಬಿಡಬೇಕೆಂದು ಮನೆಯಿಂದ ಹೊರಟಿದ್ದೆ. ವನಜಾಕ್ಷಮ್ಮನ ಮನೆ ದಾಟಿತು, ಹಿಟ್ಟಿನ ಗಿರಣಿ ದಾಟಿತು, ಹೂವಿನ ಓಣಿಯೂ ಬಂತು. ಹೇಳಲಿಲ್ಲ.

ಚೆಲುವಮ್ಮ ಜಗಲಿಯಲ್ಲಿ ಕೂತು ಹೂವು ಕಟ್ಟುತ್ತಿದ್ದಳು. ಒಲೆಯೂ ಹೊರಗೆ, ಹಾಸಿಗೆ ಸುತ್ತಿಟ್ಟದ್ದೂ ಹೊರಗೆ, ದೇವರ ಪಟಗಳೂ ಕಿಟಕಿಯ ಸರಳಿಗೆ ನೇತುಬಿದ್ದಿದ್ದವು. ನಮ್ಮನ್ನು ಕಂಡು ಎದ್ದವಳು ಬಾಗಿಲಿಗೆ ಅಡ್ಡವಾಗಿಯೇ ನಿಂತಳು. "ಬಾ ಮಗಾ, ಇಲ್ಲೇ ನೆಳ್ಳಾಗೆ ಕೂತ್ಕೋ. ಒಳಗೆ ಬ್ಯಾಡ, ಬಿಸ್ಲು ಹೊಡ್ದು ಗೋಡೆ ಕಾದದೆ."

"ಪಡುವಣ ಗೋಡೆಗೆ ಬೆಳಿಗ್ಗೆ ಬಿಸಿಲಾ ಅಕ್ಕ?" ಎಂದು ಇಂಪನಾ ನಗುತ್ತಾ ಅವಳ ಪಕ್ಕದಿಂದ ಒಳಗೆ ಹೋದಳು.

ನಾನು ಹಿಂದೆ ಹೋದೆ. ಒಳಗೆ ಕಾಲಿಟ್ಟ ಕೂಡಲೇ ಮುಖಕ್ಕೆ ಝಳ ಬಡಿಯಿತು. ನಡುಮನೆ ಖಾಲಿ. ಮೂಡಣ ಮೂಲೆಯಲ್ಲಿ ಬುಟ್ಟಿಗಳಿರಲಿಲ್ಲ, ಬುಟ್ಟಿಗಳ ದುಂಡನೆಯ ಗುರುತು ಮಾತ್ರ ನೆಲದಲ್ಲಿತ್ತು. ಗೋಡೆಯ ಸುಣ್ಣ ಸಿಪ್ಪೆಯೆದ್ದು ಉದುರಿತ್ತು. ಇಂಪನಾಳ ನಗು ನಿಂತಿತು. ಅವಳು ನಿಧಾನವಾಗಿ ಅಂಗೈ ಇಟ್ಟಳು. ನಾನು ಕಿತ್ತುಕೊಂಡಿದ್ದೆ, ಅವಳು ಕಿತ್ತುಕೊಳ್ಳಲಿಲ್ಲ. ತುಟಿ ಕಚ್ಚಿ ಇಟ್ಟುಕೊಂಡೇ ಇದ್ದಳು. ಚೆಲುವಮ್ಮ ಬಂದು ಮಣಿಕಟ್ಟು ಹಿಡಿದು ಬಿಡಿಸಿದಳು. ಅಂಗೈ ಕೆಂಪಾಗಿತ್ತು.

"ಅಮ್ಮ, ಕೇಳಿದ್ದೆ ಅಂದ್ಯಲ್ಲ?"

ಉತ್ತರ ಕೊಟ್ಟದ್ದು ಚೆಲುವಮ್ಮ. "ಕೇಳಿದ್ರು ಮಗಾ. ನಾನೇ ಆಗ್ಲಿ ಅಂದಿದ್ದೆ. ಇಷ್ಟು ಆಯ್ತದೆ ಅಂತ ನಂಗೂ ಗೊತ್ತಿರ್ನಿಲ್ಲ" ಎಂದಳು. ಹೇಳುವಾಗ ನನ್ನ ಕಡೆ ನೋಡಲಿಲ್ಲ. ಮಗಳ ಅಂಗೈಗೆ ಒದ್ದೆ ಬಟ್ಟೆ ಒತ್ತುತ್ತಿದ್ದಳು, ಮೊಗ್ಗಿಗೆ ಮುಚ್ಚುತ್ತಿದ್ದ ಬಟ್ಟೆಯನ್ನೇ.

ನಾನು ಸುಮ್ಮನಿದ್ದೆ. ಅವಳು ನನ್ನ ಮಾನ ಮುಚ್ಚಲು ತನ್ನ ಮೇಲೆ ಹಾಕಿಕೊಂಡ ಸುಳ್ಳಿನ ಕೆಳಗೆ ನಾನು ಹೋಗಿ ನಿಂತುಕೊಂಡೆ. ಇದನ್ನು ಬರೆಯುವಾಗಲೂ ಈ ಸಾಲಿನ ಹತ್ತಿರ ಬಂದು ಎದ್ದು ಹೋಗಿ, ಬಟ್ಟೆ ಒಣಹಾಕಿ, ಮತ್ತೆ ಬಂದು ಕೂತಿದ್ದೇನೆ. ಅಲ್ಲಿ ನಾನು ಸುಮ್ಮನಿದ್ದೆ.

ಇಂಪನಾ ಜಗಲಿಗೆ ಬಂದು ದಯಾನಂದರಿಗೆ ಫೋನು ಮಾಡಿದಳು. ಶನಿವಾರಕ್ಕೆ ಆಗುವುದಿಲ್ಲ, ಎರಡರಲ್ಲಿ ಒಂದನ್ನು ಮಾತ್ರ ಕೊಡಬಲ್ಲೆ, ಅದೂ ಮುಂದಿನ ವಾರ, ಇನ್ನು ಮೇಲೆ ನನ್ನ ಯಂತ್ರ ಇಷ್ಟೇ ವೇಗ ಎಂದಳು. ಆ ಕಡೆಯಿಂದ ಏನು ಹೇಳಿದರೋ, ಅವಳು ಹೂಂ, ಹೂಂ ಎನ್ನುತ್ತಾ ಕೇಳಿದಳು. ಕಾರಣ ಹೇಳಲಿಲ್ಲ, ಕಾವು ಹೋಗುವ ಮನೆಯ ಹೆಸರನ್ನು ಬೇರೆಯವರ ಮುಂದೆ ನೆಪವಾಗಿ ಎತ್ತಬಾರದು ಎಂಬುದು ಅವಳಿಗೆ ಯಾರೂ ಕಲಿಸದೆ ಬಂದಿತ್ತು. ಎರಡು ಕೆಲಸವನ್ನೂ ಅವರು ಬೇರೆಯವರಿಗೆ ಕೊಡುತ್ತಾರಂತೆ ಎಂದು ಫೋನಿಟ್ಟು ಹೇಳಿದಳು. ಮುಖದಲ್ಲಿ ನಿನ್ನೆಯ ಬೆಳಕಿರಲಿಲ್ಲ, ಆದರೆ ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದ ಹುಡುಗಿಯ ಮುಖವೂ ಅದಾಗಿರಲಿಲ್ಲ. ಮನೆಗೆ ಹೋಗಿ ಮೊದಲು ಯಂತ್ರ ಆರಿಸುತ್ತೇನೆ, ಆಮೇಲೆ ಡಬ್ಬದ ಜೊತೆ ಬಂದ ಫ್ಯಾನನ್ನೇ ಹಾಕುತ್ತೇನೆ ಎಂದಳು. ಅದನ್ನು ಕೂರಿಸುವಾಗ ಚಿಪ್ಪಿನ ಮೇಲೆ ಹೊಸದಾಗಿ ಬಿಸಿ ಎಳೆಯುವ ಪೇಸ್ಟ್ ಹಚ್ಚಬೇಕು, ಕಲೀಂ ಅಂಗಡಿಯಿಂದ ತರಬೇಕು ಎಂದೂ ಹೇಳಿದಳು. ಚೆಲುವಮ್ಮ ನಾರು ಎಳೆದು ಹೂವು ಕಟ್ಟಲು ಕೂತಳು. ಕಟ್ಟುತ್ತಿದ್ದಂತೆಯೇ ಅವಳ ಬೆರಳಿನ ನಡುವೆ ಒಂದೊಂದಾಗಿ ಅರಳುತ್ತಿದ್ದವು.

ಮನೆಗೆ ಹೊರಟೆವು. ನಮ್ಮ ಬೀದಿಗೆ ತಿರುಗಿದಾಗ ವನಜಾಕ್ಷಮ್ಮ ಗೇಟಿನ ಮುಂದೆ ರಂಗೋಲಿಯ ಜಾಗ ತೊಳೆಯುತ್ತಿದ್ದರು. ಕಟ್ಟಳೆ, ಶಾಸ್ತ್ರ ಎಂದರೆ ಬೀದಿಯವರೆಲ್ಲ ಅವರನ್ನೇ ಕೇಳುವುದು. ನಮ್ಮನ್ನು ಕಂಡು ಸೊಂಟ ನೆಟ್ಟಗೆ ಮಾಡಿ ನಿಂತರು.

"ಮಗಳನ್ನೂ ಕರ್ಕೊಂಡು ಹೋಗಿದ್ಯಾ ಮಂಗಳಾ? ಒಳ್ಳೇದು, ಹೀಗೇ ಕಲಿಸ್ಬೇಕು. ಮೊನ್ನೆ ಚೆಲುವಮ್ಮ ಸಿಕ್ಕಿದ್ದಳು, ಹೂವು ಯಾಕಮ್ಮ ಹಿಂಗಾಗಿದೆ, ಮಂಗಳ ಬಂದು ನೋಡ್ತಾಳೋ ಇಲ್ವೋ ಅಂದೆ. ಒಂದು ದಿನಾನೂ ತಪ್ಪಿಸಲ್ಲ, ದಿನಾ ಬಂದು ಮುಟ್ಟಿ ಹೋಗ್ತಾರೆ, ಈ ಸಲ ಹೂವೇ ಸರಿಯಿಲ್ಲ ಅಂದ್ಲು. ಈಗಿನ ಕಾಲದಲ್ಲಿ ನಿನ್ನಂಥೋರು ಎಷ್ಟು ಜನ ಇದಾರೆ ಹೇಳು."

ಇಂಪನಾ ನನ್ನ ಮುಖ ನೋಡಿದಳು. ಹೌದು ಎಂದರೆ ಅವಳು ನಂಬುತ್ತಿದ್ದಳೋ ಏನೋ. ನಂಬದಿದ್ದರೂ ನಂಬಿದಂತೆ ನನ್ನ ಜೊತೆ ಮನೆಗೆ ಬರುತ್ತಿದ್ದಳು, ಮುಂದೆಯೂ ಹಾಗೇ ನಡೆಯುತ್ತಿತ್ತು. ಅದು ಬೇಡ ಎನಿಸಿತು.

"ನಾನು ಹೋಗ್ತಿರಲಿಲ್ಲ ವನಜಾಕ್ಷಮ್ಮ" ಎಂದೆ. "ಗೋಡೆ ಸುಡುತ್ತೆ ಅಂತ ಮೊದಲನೇ ದಿನಾನೇ ಗೊತ್ತಿತ್ತು. ಗೊತ್ತಿದ್ದೇ ಹೋಗಲಿಲ್ಲ. ಚೆಲುವಮ್ಮನ್ನ ನಾನು ಏನೂ ಕೇಳಿರಲಿಲ್ಲ. ಅವಳು ನನ್ನ ಮಾನ ಉಳಿಸೋಕೆ ಹಾಗೆ ಹೇಳಿದ್ದು."

ಬೀದಿಯ ನಡುವೆ ಬಿಸಿಲಲ್ಲಿ ನಿಂತು ಹೇಳಿದ ಆ ಮಾತು ನನ್ನದೇ ಕಿವಿಗೆ ಯಾರದೋ ಮಾತಿನಂತೆ ಕೇಳಿತು. ಕಿವಿ, ಕೆನ್ನೆ ಉರಿಯುತ್ತಿದ್ದವು. ಆ ಉರಿ ಯಾವ ಗೋಡೆಗೂ ಹೋಗಲಿಲ್ಲ. ವನಜಾಕ್ಷಮ್ಮ ಬೈಯುತ್ತಾರೆ, ಇನ್ನೊಂದು ಗಳಿಗೆಯಲ್ಲಿ ಬೀದಿಗೆಲ್ಲ ಹೇಳುತ್ತಾರೆ ಎಂದು ತಲೆ ತಗ್ಗಿಸಿ ಕಾದೆ. ಅವರು ಕೈಯಲ್ಲಿದ್ದ ಚೊಂಬನ್ನು ಕಟ್ಟೆಯ ಮೇಲಿಟ್ಟು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಗೇಟು ಮುಚ್ಚಿ, ತೊಳೆಯುವುದನ್ನು ಅರ್ಧಕ್ಕೇ ಬಿಟ್ಟು ಎಣ್ಣೆಗಾಣದ ಬೀದಿಯ ಕಡೆಗೆ ಸರಸರನೆ ನಡೆದರು. ಅವರ ಮನೆಯ ಕಾವು ಹೋಗುವುದು ಆ ಬೀದಿಯ ಒಂದು ಮನೆಗೆ.

ಇಂಪನಾ ಆಗಲೇ ಮುಂದೆ ಹೊರಟಿದ್ದಳು. ನನಗಾಗಿ ನಿಲ್ಲಲಿಲ್ಲ, ತಿರುಗಿಯೂ ನೋಡಲಿಲ್ಲ. ಸುಟ್ಟ ಅಂಗೈಯನ್ನು ಎದೆಗೆ ಒತ್ತಿಕೊಂಡು ನಡೆಯುತ್ತಿದ್ದಳು. ನನ್ನ ಚಪ್ಪಲಿಯ ಸದ್ದು ಹಿಂದೆ ಬಿದ್ದದ್ದು ಕೇಳಿಸಿತೇನೋ, ನಮ್ಮ ಮನೆಯ ಹತ್ತಿರ ಬರುತ್ತಿದ್ದಂತೆ ಅವಳ ನಡಿಗೆ ಸ್ವಲ್ಪ ನಿಧಾನವಾಯಿತು.